ಪಿಲ್ಲರ್ ಇಲ್ಲದ ಮನೆ ಮೇಲೆ ಒಂದು ರೂಮು: ನಾಲ್ಕನೇ ಗೋಡೆ ಎಲ್ಲಿ ಕೂರಬೇಕು?

ಮೂವತ್ತು_ನಲವತ್ತು
ಮೈಸೂರಲ್ಲಿ 30×40 ಸೈಟು, ನೆಲಮಹಡಿ ಮಾತ್ರ ಇದೆ. ಸೈಜುಗಲ್ಲಿನ ಪಾಯ, 9 ಇಂಚಿನ ಇಟ್ಟಿಗೆ ಗೋಡೆ, ಪಿಲ್ಲರ್ ಇಲ್ಲ. ಮೋಲ್ಡು (ಕಾಂಕ್ರೀಟ್ ಚಾವಣಿ) 5 ಇಂಚು, ಮೇಲೆ ನೀರು ಇಳಿಯದ ಹಾಗೆ ಹಾಕಿದ ಸುರ್ಕಿ ಪದರ. ತಾರಸಿಯಲ್ಲಿ 12×16ರ ರೂಮು, ಪಕ್ಕಕ್ಕೆ ಟಾಯ್ಲೆಟ್ ಬೇಕು. ಮೂರು ಗೋಡೆ ಕೆಳಗಿನ ಗೋಡೆ ಮೇಲೇ ಬರ್ತವೆ. ನಾಲ್ಕನೇದು, 12 ಅಡಿ ಉದ್ದದ್ದು, ಹಾಲ್‌ನ ನಟ್ಟನಡುವೆ ಬೀಳುತ್ತೆ. "4 ಇಂಚಿನ ಸಾಲಿಡ್ ಬ್ಲಾಕ್ ಕಟ್ಟಿ ಶೀಟ್ ಹೊದಿಸಿದ್ರೆ ಏನೂ ಆಗಲ್ಲ" ಅಂತಾರೆ ಮೇಸ್ತ್ರಿ. ನಂಬಬಹುದಾ?

ಕಂಬಿ_ಜಲ್ಲಿ
ಶೀಟ್ ಹಗುರ, ನಿಜ. ಗೋಡೆ ಲೆಕ್ಕ ಹಾಕಿ ನೋಡಿ. 4 ಇಂಚಿನ ಸಾಲಿಡ್ ಬ್ಲಾಕ್ ಗೋಡೆ 10 ಅಡಿ ಎತ್ತರಕ್ಕೆ, ಎರಡೂ ಕಡೆ ಗಾರೆ ಸೇರಿ, ಒಂದಡಿ ಉದ್ದಕ್ಕೆ ಸುಮಾರು 235 ಕೆಜಿ ತೂಗುತ್ತೆ. 12 ಅಡಿಗೆ 2.8 ಟನ್. ಓಡಾಡುವ ತಾರಸಿಗೆ ಐಎಸ್ 875ರಲ್ಲಿ (ಕಟ್ಟಡದ ಮೇಲಿನ ಭಾರಕ್ಕೆ ಇರೋ ಭಾರತೀಯ ಮಾನದಂಡ) ಹಿಡಿಯೋದು ಚದರ ಮೀಟರಿಗೆ 150 ಕೆಜಿ, ಅದೂ ಹರಡಿಕೊಂಡ ಭಾರ. ಒಂದೇ ಗೆರೆ ಮೇಲೆ 2.8 ಟನ್ ಕೂತರೆ ಮೋಲ್ಡು ಅವತ್ತೇ ಮುರಿಯಲ್ಲ. ನಿಧಾನಕ್ಕೆ ಬಾಗುತ್ತೆ. ಮೊದಲು ಹಾಲ್ ಸೀಲಿಂಗ್‌ನಲ್ಲಿ ಕೂದಲೆಳೆ ಬಿರುಕು, ಆಮೇಲೆ ಮೇಲಿನ ಗೋಡೆಯ ಬಾಗಿಲ ಮೂಲೆಯಿಂದ ಓರೆ ಬಿರುಕು.

ಎರಡು ದಾರಿ ಇವೆ. ಒಂದು, ಆ ಗೋಡೆಯನ್ನು ಬ್ಲಾಕ್‌ನಲ್ಲಿ ಕಟ್ಟಲೇಬೇಡಿ. ಸ್ಟೀಲ್ ಫ್ರೇಮ್‌ಗೆ ಎರಡೂ ಕಡೆ 8 ಎಂಎಂ ಸಿಮೆಂಟ್ ಫೈಬರ್ ಬೋರ್ಡ್ ಹೊಡೆದರೆ ಅಡಿಗೆ ಸುಮಾರು 30 ಕೆಜಿಯಲ್ಲಿ ಮುಗಿಯುತ್ತೆ. ಇನ್ನೊಂದು, ಅಕ್ಕಪಕ್ಕದ ಎರಡು ಗೋಡೆಗಳ ಮೇಲೆ ಐಎಸ್‌ಎಂಬಿ 200 ಬೀಮ್ (200 ಎಂಎಂ ಎತ್ತರದ, I ಆಕಾರದ ಉಕ್ಕಿನ ತೊಲೆ) ಕೂರಿಸಿ, ಅದರ ಮೇಲೆ ಗೋಡೆ ಎಬ್ಬಿಸೋದು. ಬೀಮಿನ ಎರಡೂ ತುದಿ ಗೋಡೆ ಮೇಲೆ 9 ಇಂಚು ಕೂರಬೇಕು, ಅಡಿಯಲ್ಲಿ ಒಂದೂವರೆ ಅಡಿ ಉದ್ದದ ಕಾಂಕ್ರೀಟ್ ದಿಂಡು ಬೇಕು. ಬೀಮಿಗೂ ಮೋಲ್ಡಿಗೂ ನಡುವೆ ಒಂದಿಂಚು ಸಂದು ಬಿಡಿ, ಅದಕ್ಕೆ ಥರ್ಮಾಕೋಲ್ ತುಂಬಿ. ಮೇಸ್ತ್ರಿಗಳು ತಪ್ಪೋದು ಇಲ್ಲೇ: ಚೆನ್ನಾಗಿರಲಿ ಅಂತ ಸಂದಿಗೆ ಗಾರೆ ತುಂಬಿಬಿಡ್ತಾರೆ, ಭಾರ ಮತ್ತೆ ಮೋಲ್ಡಿಗೇ ಹೋಗುತ್ತೆ. ಬೀಮ್ ಸೈಜನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಖಾತ್ರಿ ಮಾಡಿಸಿಕೊಳ್ಳಿ.

ಮೂವತ್ತು_ನಲವತ್ತು
ಬೋರ್ಡ್ ಗೋಡೆಯೇ ಸರಿ ಅನ್ಸುತ್ತೆ. ಉಳಿದ ಮೂರಕ್ಕೆ ಸಾಲಿಡ್ ಬ್ಲಾಕೇ ಸಾಕಾ? ಸುರ್ಕಿ ಮೇಲೇ ಕಟ್ಟಬಹುದಾ?

ಕಂಬಿ_ಜಲ್ಲಿ
6 ಇಂಚಿನ ಎಎಸಿ ಬ್ಲಾಕ್ (ಒಳಗೆ ಗಾಳಿ ಗುಳ್ಳೆ ಇರೋ ಹಗುರ ಕಾಂಕ್ರೀಟ್ ಬ್ಲಾಕ್) ಹಾಕಿ. ಗಾರೆ ಸೇರಿ ಅಡಿಗೆ 140 ಕೆಜಿ ಆಸುಪಾಸು. ಅದೇ ದಪ್ಪದ ಸಾಲಿಡ್ ಬ್ಲಾಕ್ ಆದರೆ 330. ಸುರ್ಕಿ ಮೇಲೆ ಬೇಡ. ಗೋಡೆ ಬರುವಷ್ಟು ಅಗಲಕ್ಕೆ ಉಳಿ ಸುತ್ತಿಗೆಯಲ್ಲೇ ಕೆತ್ತಿ ಮೋಲ್ಡು ಕಾಣಿಸಿ. ಬ್ರೇಕರ್ ಮೆಷಿನ್ ಹಚ್ಚಿದರೆ ಹಳೇ ಮೋಲ್ಡು ಅದುರುತ್ತೆ.

ಕೆಳಗಿನ ಗೋಡೆ ಎಲ್ಲಿದೆ ಅಂತ ಅಂದಾಜಿಗೆ ಗೆರೆ ಎಳೆಯಬೇಡಿ. ಹೊರಗೋಡೆಯ ಮುಖಕ್ಕೆ ತಾರಸಿಯಿಂದ ತೂಕದ ಗುಂಡು ಇಳಿಬಿಟ್ಟು ಅಂಚು ಹಿಡಿಯಿರಿ. ಅಲ್ಲಿಂದ ಹೊರಗೋಡೆ ದಪ್ಪ, ಒಳ ಅಳತೆ ಕೂಡಿಸಿಕೊಂಡು ಸುಣ್ಣದ ದಾರ ಹೊಡೆಯಿರಿ. ಸಜ್ಜಾ ಅಂಚಿನಿಂದಲೋ ಪ್ಯಾರಾಪೆಟ್‌ನಿಂದಲೋ ಅಳೆದರೆ ಎರಡು ಮೂರು ಇಂಚು ಆಚೀಚೆ ಆಗೋದು ಮಾಮೂಲು.

ಇದೆಲ್ಲಕ್ಕೂ ಮೊದಲು, ಕೆಳಗಿನ ಗೋಡೆಯಲ್ಲಿ ಮೆಟ್ಟಿಲಿನ ಥರ ಓಡುವ ಬಿರುಕು ಇದೆಯಾ ನೋಡಿ. ಇದ್ದರೆ ಪಾಯ ಕುಸಿದಿರೋ ಸಾಧ್ಯತೆ ಹೆಚ್ಚು. ಪಕ್ಕದಲ್ಲಿ ಗುಂಡಿ ತೋಡಿಸಿ ನೋಡದೆ ಮೇಲೆ ಒಂದು ಬ್ಲಾಕೂ ಇಡಬೇಡಿ.

ಗರಗಸ_ವೆಲ್ಡಿಂಗ್
ಶೀಟ್ ಹಗುರ ಆಗಿರೋದೇ ಅದರ ತೊಂದರೆ, ಗಾಳಿಗೆ ಎದ್ದುಬಿಡುತ್ತೆ. ಗೋಡೆ ತಲೆ ಮೇಲೆ 4 ಇಂಚಿನ ಕಾಂಕ್ರೀಟ್ ಪಟ್ಟಿ, 10 ಎಂಎಂ ಕಂಬಿ ಎರಡು, ಪ್ರತಿ 4 ಅಡಿಗೆ 12 ಎಂಎಂ ಬೋಲ್ಟ್ ಹೂತುಬಿಡಿ. ಬೋರ್ಡ್ ಗೋಡೆ ಕಡೆ ಫ್ರೇಮ್ ಕಾಲುಗಳಿಗೆ ಬೇಸ್ ಪ್ಲೇಟ್ ಬೇಕು. ಇಳಿಜಾರು ಅಡಿಗೆ ಒಂದೂಕಾಲು ಇಂಚು, ಅಂದರೆ 12 ಅಡಿಗೆ 15 ಇಂಚು. ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಲಿ. ತಗ್ಗಿನಲ್ಲಿ ಹೊಡೆದರೆ ನೀರು ಹರಿಯೋ ದಾರಿಯಲ್ಲೇ ತೂತು. ರಬ್ಬರ್ ವಾಷರ್ ಚಪ್ಪಟೆಯಾಗಿ ಹೊರಗೆ ಚಾಚೋ ತನಕ ಬಿಗಿಯಬೇಡಿ, ಬಿಸಿಲಿಗೆ ಸೀಳುತ್ತೆ. ಮಲಗೋ ರೂಮಾದರೆ 50 ಎಂಎಂ ಪಫ್ ಪ್ಯಾನೆಲ್ಲೇ (ಎರಡು ಶೀಟಿನ ನಡುವೆ ಫೋಮ್ ಇರೋದು) ಹಾಕಿ. ಬರೀ ಶೀಟಿನಡಿ ಏಪ್ರಿಲ್ ಮಧ್ಯಾಹ್ನ ಕೂರೋಕಾಗಲ್ಲ, ಮಳೆ ಬಂದರೆ ಮಾತು ಕೇಳಿಸಲ್ಲ.

ನಲ್ಲಿ_ನಾಲೆ
ಟಾಯ್ಲೆಟ್ ಕೆಳಗಿನ ಟಾಯ್ಲೆಟ್ ಮೇಲೇ ಬರಲಿ, ಅದೇ ಪೈಪ್ ಲೈನಿಗೆ ಕೂಡಿಸಬಹುದು. ಮೋಲ್ಡು ಒಡೆದು ತಗ್ಗು ಮಾಡಬೇಡಿ. ನೆಲವನ್ನೇ 6 ಇಂಚು ಎತ್ತರಿಸಿ, ಗೋಡೆ ಕಡೆ ಪೈಪ್ ಹೋಗುವ ಪಿ ಟ್ರ್ಯಾಪ್ ಕಮೋಡ್ ತಗೊಳ್ಳಿ. ಎತ್ತರಿಸೋಕೆ ಒಡೆದ ಇಟ್ಟಿಗೆ, ಮಣ್ಣು ತುಂಬಿದರೆ ಚದರ ಮೀಟರಿಗೆ 240 ಕೆಜಿ ಆಗುತ್ತೆ. ಎಎಸಿ ತುಂಡು ತುಂಬಿದರೆ 100ರ ಒಳಗೆ. ಟೈಲ್ಸಿಗೆ ಮುಂಚೆ ವಾಟರ್‌ಪ್ರೂಫ್ ಹಚ್ಚಿ, 48 ಗಂಟೆ ನೀರು ಕಟ್ಟಿ ಕೆಳಗಿನ ಸೀಲಿಂಗ್ ನೋಡಿ.

ರೂಮಿನ ಬಾಗಿಲಿಗೂ 4 ಇಂಚು ಹೊಸ್ತಿಲು ಎತ್ತರ ಇರಲಿ, ಇಲ್ಲಾಂದ್ರೆ ತಾರಸಿ ಮಳೆನೀರು ಒಳಗೆ ಬರುತ್ತೆ. ಸುರ್ಕಿ ಕೆತ್ತಿದ ಕಡೆ, ಗೋಡೆ ಬುಡದ ಹೊರಗೆ, ಎರಡಿಂಚಿನ ಗೋಲ (ಗೋಡೆ ನೆಲ ಕೂಡುವ ಮೂಲೆಗೆ ದುಂಡಗೆ ತೀಡಿದ ಗಾರೆ) ಕೊಡಿಸಿ. 1000 ಲೀಟರ್ ಟ್ಯಾಂಕ್ ತುಂಬಿದರೆ ಒಂದು ಟನ್; ಅದರ ಸ್ಟ್ಯಾಂಡ್ ಕಾಲುಗಳು ಕೆಳಗಿನ ಗೋಡೆಗಳು ಕೂಡುವ ಮೂಲೆ ಮೇಲೇ ಬರಬೇಕು. ಶೀಟ್ ಆದರೂ ಗೋಡೆ ಎದ್ದರೆ ಪಾಲಿಕೆ ಪರವಾನಗಿ ಬೇಕು, ಮೊದಲೇ ವಿಚಾರಿಸಿ.