ಸೈಟೇಷನ್‌ಗೆ ‘ಉಲ್ಲೇಖ’ ಅಂದ್ರ ಸಾಕೇನ್ರಿ? ಬಂದದ್ದೋ ಕೊಟ್ಟದ್ದೋ ಗೊತ್ತಾಗವಲ್ದು

ಎಲ್ಲರಿಗೂ ನಮಸ್ಕಾರ್ರಿ. ಗಂಗಾವತಿಯಿಂದ ಬರಿಯಾಕತ್ತೀನಿ. ಮುಖ್ಯವಾಗಿ ಕೇಳಬೇಕಾದದ್ದು ಒಂದ ಪದ, ಆದ್ರ ಬರೀ ಪದ ಕೇಳಿದ್ರ ನೀವು ‘ಉಲ್ಲೇಖ’ ಅಂತ ಒಂದ ಮಾತಿನಾಗ ಹೇಳಿ ಮುಗಿಸಿಬಿಡ್ತೀರಿ, ನಾನೂ ಮೊದಲು ಹಂಗ ಮಾಡಿ ಮುಖಭಂಗ ಮಾಡ್ಕೊಂಡೀನಿ, ಅದಕ್ಕ ಉದ್ದ ಆದ್ರೂ ಆಗ್ಲಿ ಅಂತ ನಡೆದದ್ದೆಲ್ಲ ಬರಿತೀನಿ.

ನಮ್ಮ ಓಣಿ ಹುಡುಗಿ ಒಬ್ಬಾಕಿ ಹೊರದೇಶದಾಗ ಬಯೋಮೆಡಿಕಲ್ ಸಂಶೋಧನೆ ಮಾಡ್ತಾಳ, ಕ್ಷಯರೋಗದ ಮ್ಯಾಲೆ ಆಕಿ ಕೆಲಸ. ರಜಕ್ಕ ಊರಿಗೆ ಬರ್ತಾಳಂತ ಗೊತ್ತಾದ ಕೂಡ್ಲೆ ಓಣಿ ಮಂದಿ ಸನ್ಮಾನ ಇಟ್ಕೊಂಡ್ರು. ನಾನು ಮೂವತ್ತು ವರ್ಷ ಸರ್ಕಾರಿ ಆಫೀಸಿನಾಗ ಗುಮಾಸ್ತಿಕೆ ಮಾಡಿ ರಿಟೈರ್ ಆದವ, ಪತ್ರ ಬರೆಯೋ ಕೈ ಅಂತ ಅವರ ನಂಬಿಕಿ, ಹಿಂಗಾಗಿ ‘ಸರ, ಸೈಟೇಷನ್ ನೀವ ಬರದು ಕೊಡ್ರಿ’ ಅಂದ್ರು. ಇಲ್ಲಿ ಸೈಟೇಷನ್ ಅಂದ್ರ ಬಿನ್ನವತ್ತಳೆ, ಓದಿ, ಫ್ರೇಮ್ ಹಾಕ್ಸಿ ಕೈಗೆ ಕೊಡ್ತಾರಲ್ಲ ಅದು. ಆತು ಅಂದೆ. ಆಕಿ ತಮ್ಮ ವಾಟ್ಸಾಪಿನಾಗ ಬಯೋಡೇಟಾ ಕಳಿಸಿದ. ತಗದು ನೋಡಿದ್ರ ಅದ್ರಾಗೂ ಸೈಟೇಷನ್ನ! ಪಬ್ಲಿಕೇಷನ್ಸ್ 38, ಸೈಟೇಷನ್ಸ್ 1800, ಎಚ್-ಇಂಡೆಕ್ಸ್ 17 ಅಂತ ಸಾಲಾಗಿ ಬರದಿತ್ತು. ಸೈಟೇಷನ್ ಒಳಗ ಸೈಟೇಷನ್ ಬರಿಯೋ ಪಾಳಿ ಬಂತು.

ನಿಘಂಟು ತಗದೆ, ‘ಉಲ್ಲೇಖ’ ಅಂತಿತ್ತು, ನಾನು ‘ಒಂದು ಸಾವಿರದ ಎಂಟುನೂರು ಉಲ್ಲೇಖಗಳನ್ನು ಮಾಡಿದ ಹೆಗ್ಗಳಿಕೆ ಇವರದು’ ಅಂತ ಗತ್ತಿನಿಂದ ಬರದು ಹುಡುಗಿಗೆ ಕಳಿಸಿದೆ. ಆಕಿ ವಾಯ್ಸ್ ಮೆಸೇಜ್ ಹಾಕಿದ್ಲು, ಅರ್ಧ ನಗೂನ ಇತ್ತು ಅದ್ರಾಗ. ‘ಕಾಕಾ, ಅವು ನಾ ಮಾಡಿದ್ದಲ್ರಿ, ನಂದನ್ನ ಬ್ಯಾರೇದವ್ರು ಮಾಡಿದ್ದು. ನಾನ ಅಷ್ಟು ಮಾಡೀನಂದ್ರ ಅದ್ರಾಗೇನು ದೊಡ್ಡಸ್ತಿಕಿ, ನನ್ನ ರೆಫರೆನ್ಸ್ ಪಟ್ಟಿ ಉದ್ದ ಐತಿ ಅಂತಷ್ಟ ಆತು’ ಅಂದ್ಲು.

ಅಲ್ಲಿಗೆ ನನಗ ತಲಿ ಕೆಟ್ಟಿದ್ದು. ಯಾಕಂದ್ರ ನಾನು ಸರ್ವಿಸ್ ಪೂರ್ತಿ ‘ಉಲ್ಲೇಖ’ ಬರದವ. ಯಾವ ಸರ್ಕಾರಿ ಪತ್ರ ತಗೊಂಡ್ರೂ ಮ್ಯಾಲೆ ‘ವಿಷಯ’, ಅದರ ಕೆಳಗ ‘ಉಲ್ಲೇಖ’, ಅದರ ಮುಂದ ಹಳೇ ಪತ್ರದ ನಂಬರು, ತಾರೀಖು. ಉಲ್ಲೇಖ ಅಂದ್ರ ನಾವು ಹಿಂದಿನ ಕಾಗದ ತೋರಿಸೋದು, ಅಷ್ಟ. ನಮ್ಮ ಪತ್ರವನ್ನ ಮುಂದ ಬ್ಯಾರೆ ಆಫೀಸಿನವ್ರು ಎಷ್ಟು ಸಲ ಉಲ್ಲೇಖ ಮಾಡಿದ್ರು ಅಂತ ಯಾರೂ ಎಣಿಸಿಲ್ಲ, ಎಣಿಸಿದ್ರ ಅದಕ್ಕೊಂದು ಹೆಸರು ಇರ್ತಿತ್ತು. ಇಂಗ್ಲಿಷಿನಾಗ ಸಂಶೋಧನಾ ಮಂದಿ ಒಳ್ಳೆ ಎರಡು ಪದ ಇಟ್ಕೊಂಡಾರ, ಲೇಖನದ ಕೊನಿಗೆ ನಾವು ಕೊಡೋದು ರೆಫರೆನ್ಸು, ನಮ್ಮ ಲೇಖನಕ್ಕ ಬ್ಯಾರೇದವ್ರಿಂದ ಬರೋದು ಸೈಟೇಷನ್ನು. ಮಾತಾಡೋವಾಗ ಅವರೂ ಕಲಸ್ತಾರಂತ, ಆದ್ರ ಲೆಕ್ಕ ಹಾಕೋವಾಗ ಕಲಸಂಗಿಲ್ಲ. ನಮ್ಮ ‘ಉಲ್ಲೇಖ’ ಎರಡಕ್ಕೂ ಒಂದ.

‘ಉದ್ಧರಣೆ’ ಅಂತ ಬರೀರಿ ಅಂದ್ರು ಒಬ್ಬ ಮೇಷ್ಟ್ರು. ಅದು ಇನ್ನೊಬ್ಬರ ಮಾತನ್ನ ಇದ್ದದ್ದು ಇದ್ದಂಗ ಎತ್ತಿ ಬರಿಯೋದಕ್ಕ ಸರಿ, ಇಲ್ಲಿ ಮಾತು ಎತ್ತೋದಿಲ್ಲ, ‘ಈ ಸಂಗತಿ ಅವರು ತೋರಿಸ್ಯಾರ’ ಅಂತ ಒಂದು ನಂಬರ್ ಹಾಕಿ ಮುಂದ ಹೋಗ್ತಾರ. ಅದೂ ಅಲ್ದ ನಮ್ಮ ಮನ್ಯಾಗ ಉದ್ಧರಣೆ ಅಂದ್ರ ಪಂಚಪಾತ್ರೆ ಒಳಗಿನ ಚಮಚ. ಸಾವಿರದ ಎಂಟುನೂರು ಉದ್ಧರಣೆ ಅಂದ್ರ ಪಾತ್ರೆ ಅಂಗಡಿ ಲೆಕ್ಕ ಆತು.

ಇಲ್ಲಿ ಕೋರ್ಟಿನಾಗ ಪ್ರಾಕ್ಟೀಸ್ ಮಾಡೋ ನಮ್ಮ ವಕೀಲರೊಬ್ಬರನ್ನ ಕೇಳಿದೆ, ಅವರಿಗೂ ಸೈಟೇಷನ್ ದಿನಾ ಬಳಸೋ ಪದ. ‘ಎರಡು ಸೈಟೇಷನ್ ಹಾಕೀನಿ, ಸುಪ್ರೀಂ ಕೋರ್ಟಿಂದು’ ಅಂತಾರ, ಅಂದ್ರ ಹಳೇ ತೀರ್ಪು ತೋರ್ಸಿ ನಮ್ಮ ವಾದಕ್ಕ ಬಲ ತರೋದು. ಮಜಾ ಏನಂದ್ರ ವಿಜ್ಞಾನದವ್ರು ಈ ಲೆಕ್ಕ ಕಲಿತದ್ದೂ ವಕೀಲರ ಕಡಿಂದ್ಲ. ಅಮೆರಿಕದಾಗ ಫ್ರಾಂಕ್ ಶೆಪರ್ಡ್ ಅನ್ನೋರು 1873ರಿಂದ, ಒಂದು ತೀರ್ಪನ್ನ ಮುಂದ ಯಾವ್ಯಾವ ತೀರ್ಪಿನಾಗ ಎತ್ತಿದಾರ, ಅದು ಇನ್ನೂ ನಿಂತೈತೋ ಬಿದ್ದುಹೋಗೈತೋ ಅಂತ ವಕೀಲರಿಗೆ ಪಟ್ಟಿ ಮಾಡಿ ಮಾರತಿದ್ರು. ಅದನ್ನ ನೋಡಿ ಯುಜೀನ್ ಗಾರ್‌ಫೀಲ್ಡ್ ಅನ್ನೋ ಅಮೆರಿಕದ ಮಾಹಿತಿ ವಿಜ್ಞಾನಿ 1955ರಾಗ ‘ಸೈನ್ಸ್’ ಪತ್ರಿಕೆಗೆ ಬರದ್ರು, ವಿಜ್ಞಾನದ ಲೇಖನಗಳಿಗೂ ಹಿಂಗ ಒಂದು ಸೂಚಿ ಮಾಡಬಹುದಲ್ಲ ಅಂತ, ಮುಂದ 1960ರ ದಶಕದಾಗ ಸೈನ್ಸ್ ಸೈಟೇಷನ್ ಇಂಡೆಕ್ಸ್ ಬಂತು. ಅವರ ಉದ್ದೇಶ ಲೇಖನ ಹುಡುಕೋದಕ್ಕ ದಾರಿ ಮಾಡೋದಿತ್ತು, ಮನುಷ್ಯಾರನ್ನ ತೂಗೋ ತಕ್ಕಡಿ ಆಮ್ಯಾಲೆ ಆತು ಅದು. ಪದದ ಮೂಲ ನೋಡಿದ್ರ ಲ್ಯಾಟಿನ್, ಕೂಗಿ ಕರಿಯೋದು ಅಂತ. ‘ನಮ್ಮ ಕೇಸ್ ಕೂಗಿದ್ರೇನ್ರಿ?’ ಅಂತ ಕೋರ್ಟಿನ ಹೊರಗ ಕೇಳ್ತಾರಲ್ಲ, ಆ ಕೂಗು. ಸಾಕ್ಷಿಗೆ ಬಾ ಅಂತ ಕರಿಯೋದು. ಎಷ್ಟು ಚೆಂದ ಐತಿ! ಆದ್ರ ‘1800 ಕೂಗು ಬಿದ್ದಾವ’ ಅಂತ ಬಿನ್ನವತ್ತಳ್ಯಾಗ ಬರಿಯೋಕ ಆಗ್ತದೇನು.

ಕೊನಿಗೆ ನನಗ ಹೊಳದದ್ದು ನಮ್ಮ ಆಫೀಸಿನ ಪದಾನ. ಆವಕ, ಜಾವಕ. ಬಂದ ಟಪಾಲು ಆವಕ ರಿಜಿಸ್ಟರಿಗೆ, ಹೋದದ್ದು ಜಾವಕಕ್ಕ. ಎಪಿಎಂಸಿಯೊಳಗೂ ‘ಇವತ್ತು ಭತ್ತದ ಆವಕ ಜಾಸ್ತಿ’ ಅಂತಾರ, ಇಲ್ಲಿ ರೈತರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ‘ಆವಕ ಉಲ್ಲೇಖ’ ಅಂದ್ರ ಹೆಂಗ? ನನಗ ಅರ್ಥ ಸರಿ ಕೂಡ್ತು ಅನ್ನಿಸ್ತೈತಿ, ಹುಡುಗಿಗೂ ಖುಷಿ ಆತು, ಆದ್ರ ಮನ್ಯಾಗ ಓದಿ ತೋರಿಸಿದ್ರ ‘ಸನ್ಮಾನಕ್ಕ ಗುಮಾಸ್ತರ ವಾಸನಿ ಹೊಡಿತೈತಿ’ ಅಂದ್ಲು ನಮ್ಮಾಕಿ. ಅದೂ ಖರೇನ.

ಇನ್ನೊಂದು ಹೋಲಿಕೆ ಆಯೇರಿ. ಮದುವ್ಯಾಗ ಯಾರು ಎಷ್ಟು ಆಯೇರಿ ಮಾಡಿದ್ರು ಅಂತ ಪಟ್ಟಿ ಬರೀತೀವಲ್ಲ, ಬಂದದ್ದು ಬ್ಯಾರೆ, ನಾವು ಮಾಡಿದ್ದು ಬ್ಯಾರೆ. ಹುಡುಗಿ ಹೇಳಿದ್ಲು, ಕೆಲವರು ತಮ್ಮ ಹೊಸ ಲೇಖನದಾಗ ತಮ್ಮವ ಹಳೇ ಲೇಖನ ತುಂಬಿ ಲೆಕ್ಕ ಏರಿಸ್ಕೋತಾರಂತ, ಸೆಲ್ಫ್ ಸೈಟೇಷನ್ ಅಂತ ಅದಕ್ಕ, ತಮ್ಮ ಮದುವಿಗೆ ತಾವ ಆಯೇರಿ ಮಾಡ್ಕೊಂಡಂಗ. ಹಂಗಂತ ಎಲ್ಲ ತಪ್ಪಲ್ಲ, ಹಳೇ ಕೆಲಸದ ಮುಂದಿನ ಭಾಗ ಇದ್ರ ಹಾಕಲೇಬೇಕು. ಇನ್ನು ನೀ ನಂದು ಹಾಕು ನಾ ನಿಂದು ಹಾಕ್ತೀನಿ ಅನ್ನೋದೂ ನಡೀತದಂತ, ಅದಕ್ಕ ಕನ್ನಡ ಪದ ಹುಡುಕೋ ಗರಜ ಇಲ್ಲ, ‘ಮುಯ್ಯಿ’ ಅಂತ ರೆಡಿ ಐತಿ.

ಸೈಟೇಷನ್ ಒಂದ ಆಗಿದ್ರ ಹೆಂಗೋ ಸಾಗಿಸ್ತಿದ್ದೆ. ‘ಪೇಪರ್’ ನೋಡ್ರಿ. ಹುಡುಗಿ ಅವ್ವ ಓಣಿ ತುಂಬ ‘ನಮ್ಮಾಕಿ 38 ಪೇಪರಿನಾಗ ಬಂದಾಳ್ರಿ’ ಅಂತ ಹೇಳ್ಕೊಂಡು ಬಂದಾಳ, ಆಕಿ ಪ್ರಕಾರ ಪೇಪರ್ ಅಂದ್ರ ಮುಂಜಾನೆ ಬಾಗಿಲಿಗೆ ಬೀಳೋದು. ಕಾಲೇಜು ಹುಡುಗರಿಗೆ ಪೇಪರ್ ಅಂದ್ರ ಪ್ರಶ್ನೆಪತ್ರಿಕೆ, ಜರ್ನಲ್ ಅಂದ್ರ ಪ್ರಾಕ್ಟಿಕಲ್ ಬರಿಯೋ ನೋಟು. ಪಬ್ಲಿಕೇಷನ್ನಿಗೆ ‘ಪ್ರಕಟಣೆ’ ಅಂತ ಹಾಕಿದ್ರ ಬಸ್ ಸ್ಟ್ಯಾಂಡಿನ ಮೈಕ್ ನೆನಪಾಗ್ತದ. ಇದಕ್ಕ ನಾನು ಹೆಚ್ಚು ತಲಿ ಕೆಡಿಸ್ಕೊಳ್ಳಿಲ್ಲ, ‘ಸಂಶೋಧನಾ ಲೇಖನ’ ಅಂತ ಹಾಕೀನಿ. ‘ಪ್ರಬಂಧ’ ಬ್ಯಾಡ, ಅದು ಪಿಎಚ್‌ಡಿಗೆ ಬರಿಯೋ ಮಹಾಪ್ರಬಂಧದ ಕೂಡ ಸಿಕ್ಕಿಹಾಕ್ಕೋತದ.

ಇಂಪ್ಯಾಕ್ಟ್ ಅನ್ನೋದು ದೊಡ್ಡ ಪೀಡೆ. ‘ಪರಿಣಾಮ’ ಅಂದ್ರ ಔಷಧದ ಸಂಶೋಧನೆಯೊಳಗ ಅಡ್ಡಪರಿಣಾಮ ಅಂತ ಓದ್ತಾರ. ‘ಪ್ರಭಾವ’ ಅಂದ್ರ ನಮ್ಮ ಕಡಿ ಪ್ರಭಾವಿ ವ್ಯಕ್ತಿ ಯಾರು, ಪ್ರಭಾವ ಬೀರೋದು ಅಂದ್ರೇನು ಅಂತ ನಿಮಗ ಗೊತ್ತೈತಿ, ಫೋನ್ ಮಾಡ್ಸಿ ವರ್ಗಾವಣೆ ಮಾಡ್ಸೋದು. ಕಾರ್ಯಕ್ರಮದ ಹಿರಿಯರೊಬ್ಬರು ‘ಇಂಪ್ಯಾಕ್ಟ್ ಫ್ಯಾಕ್ಟರ್ 9 ಇರುವ ವಿಜ್ಞಾನಿ ಅಂತ ಸೇರಸ್ರಿ’ ಅಂತ ಹಟ ಹಿಡಿದ್ರು. ಅದು ವಿಜ್ಞಾನಿದಲ್ರಿ, ಲೇಖನ ಛಾಪಿಸೋ ಸಂಶೋಧನಾ ಪತ್ರಿಕೇದು. 2024ರ ಲೆಕ್ಕ ಬೇಕಂದ್ರ, ಆ ಪತ್ರಿಕೆ 2022, 2023ರಾಗ ಛಾಪಿಸಿದ ಲೇಖನಗಳಿಗೆ 2024ರಾಗ ಬಂದ ಉಲ್ಲೇಖ ಎಲ್ಲ ಕೂಡ್ಸಿ, ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸೋದು. ಸರಾಸರಿ ಅದು. ಐರಾವತ ಬಸ್ಸಿನಾಗ ಕೂತವ್ರೆಲ್ಲ ಸಾವ್ಕಾರ್ರಲ್ಲ. ವಿಜ್ಞಾನಿಗಳ ಪೈಕಿನ ಭಾಳ ಮಂದಿ ಇದನ್ನ ಒಪ್ಪೂದಿಲ್ಲ, 2012ರಾಗ ಸ್ಯಾನ್ ಫ್ರಾನ್ಸಿಸ್ಕೋದಾಗ ಕೂಡಿ, ಪತ್ರಿಕೆ ನಂಬರ್ ನೋಡಿ ಮನುಷ್ಯಾನ್ನ ಅಳಿಬ್ಯಾಡ್ರಿ ಅಂತ ಘೋಷಣಾಪತ್ರ ತಯಾರು ಮಾಡ್ಯಾರ, ಡೋರಾ ಅಂತ ಕರೀತಾರ ಅದಕ್ಕ. ಹಿರಿಯರಿಗೆ ಡೋರಾ ಹೇಳಿದ್ರ ಮೊಮ್ಮಗಳ ಕಾರ್ಟೂನ್ ನೆನಪಾತು.

ಉಲ್ಲೇಖ ಹೆಚ್ಚು ಬಂದ್ರ ಪ್ರಭಾವ ಹೆಚ್ಚು ಅಂತ ಒಂದ ಉಸಿರಿನಾಗ ಬರಿಯೋದೂ ತಪ್ಪು ಅನ್ನಿಸ್ತು ನನಗ. ಜಗತ್ತಿನಾಗ ಅತೀ ಹೆಚ್ಚು ಉಲ್ಲೇಖ ಬಂದ ಲೇಖನ ಪ್ರೋಟೀನ್ ಎಷ್ಟೈತಿ ಅಂತ ಅಳಿಯೋ ವಿಧಾನದ ಮ್ಯಾಲಿಂದು, ಆಲಿವರ್ ಲೌರಿ ಮತ್ತ ಅವರ ಜೊತಿಗಾರರು 1951ರಾಗ ಬರದದ್ದು, ಮೂರು ಲಕ್ಷದ ಮ್ಯಾಲೆ ಉಲ್ಲೇಖ. ರೋಗ ಗುಣ ಮಾಡಿದ್ದಲ್ಲ ಅದು, ಎಲ್ಲ ಲ್ಯಾಬಿನಾಗೂ ಬೇಕಾಗೋ ಅಳತಿ, ಅದಕ್ಕ ಎಲ್ಲರೂ ಹೆಸರು ಹೇಳಲೇಬೇಕು. ನಮ್ಮ ಮಗ್ಗಲ ಆಂಧ್ರದ ಭೀಮವರಂನಾಗ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವ್ರೂ ಹಿಂಗ, 1925ರಾಗ ಸೈರಸ್ ಫಿಸ್ಕೆ ಅನ್ನೋ ವಿಜ್ಞಾನಿ ಜೊತಿ ಸೇರಿ ರಂಜಕ ಅಳಿಯೋ ವಿಧಾನ ಬರದ್ರು, ಫಿಸ್ಕೆ-ಸುಬ್ಬರಾವ್ ವಿಧಾನ ಅಂತ ಬಯೋಕೆಮಿಸ್ಟ್ರಿ ಓದಿದವ್ರಿಗೆಲ್ಲ ಗೊತ್ತು, ಆ ಮನುಷ್ಯಾ ಯಾರು ಎಲ್ಲಿಯವ ಅಂದ್ರ ಬಾಯಿ ಬಿಡ್ತಾರ.

ಎಚ್-ಇಂಡೆಕ್ಸಿಗೆ ‘ಎಚ್-ಸೂಚ್ಯಂಕ’ ಅಂದ್ರ ಷೇರು ಮಾರ್ಕೆಟ್ ಏರಿತೇನು ಇಳೀತೇನು ಅಂತ ಕೇಳ್ತಾರ, ಆದ್ರೂ ಅದನ್ನ ಇಟ್ಟೀನಿ. ಹಿರ್ಷ್ ಅನ್ನೋ ಭೌತವಿಜ್ಞಾನಿ 2005ರಾಗ ಹೇಳಿದ್ದಿದು. ಒಬ್ಬರ ಆರು ಲೇಖನಕ್ಕ 90, 40, 12, 6, 5, 3 ಅಂತ ಉಲ್ಲೇಖ ಬಂದಾವ ಅನ್ಕೋರಿ. ಐದು ಲೇಖನಕ್ಕ ಕಮ್ಮೀತ ಕಮ್ಮಿ ಐದೈದು ಅದಾವ, ಆರಕ್ಕ ಆರಾರು ಇಲ್ಲ, ಹಿಂಗಾಗಿ 5. ಮೊದಲನೇದಕ್ಕ 90ರ ಬದಲಿ 900 ಬಂದಿದ್ರೂ ಐದ. ವಯಸ್ಸಾದಂಗ ಏರ್ತದ, ಇಳಿಯೂದಿಲ್ಲ, ಹೊಸಬರಿಗೂ ಹಳಬರಿಗೂ ಹೋಲಿಕೆ ಮಾಡೋದು ನ್ಯಾಯ ಅಲ್ಲ ಅಂತ ಹುಡುಗಿ ತಾನ ಹೇಳಿದ್ಲು. ಈ ಉಲ್ಲೇಖ ಎಣಿಸೋ ಜಾಲತಾಣಗಳೂ ಬ್ಯಾರೆ ಬ್ಯಾರೆ, ಗೂಗಲ್ ಸ್ಕಾಲರಿನಾಗ ಒಂದು, ಸ್ಕೋಪಸ್‌ನಾಗ ಇನ್ನೊಂದು ತೋರಸ್ತದ, ಗೂಗಲ್ಲಿನವ್ರು ಥೀಸಿಸ್ಸು ಗೀಸಿಸ್ಸು ಎಲ್ಲ ಸೇರಿಸ್ತಾರ ಅಂತ ಅಲ್ಲಿ ಸಾಮಾನ್ಯವಾಗಿ ಜಾಸ್ತಿ. ಬಿನ್ನವತ್ತಳ್ಯಾಗ ಯಾವ ಲೆಕ್ಕ ಅಂತ ಹೇಳದ ಬರೀಬಾರದಂತ.

ಇನ್ನು ಫಸ್ಟ್ ಆಥರ್. ನಾನು ಹಾಕಿದ್ದು ‘ಹನ್ನೊಂದು ಲೇಖನಗಳ ಪ್ರಥಮ ಲೇಖಕಿ’. ಡಿಟಿಪಿ ಹುಡುಗ ಓದಿ ‘ಸರ, ಇವರಿಗಿಂತ ಮೊದಲು ಹೆಣ್ಮಕ್ಕಳು ಯಾರೂ ಬರದಿಲ್ಲೇನ್ರಿ?’ ಅಂದ. ಸರಿಯಾಗೇ ಹಿಡಿದ. ಬಯೋಮೆಡಿಕಲ್ ಲೇಖನದಾಗ ಮೊದಲ ಹೆಸರು ಕೈ ಕೆಸರು ಮಾಡ್ಕೊಂಡು ಕೆಲಸ ಮಾಡಿದವ್ರದು, ಕೊನೀ ಹೆಸರು ಸಾಮಾನ್ಯವಾಗಿ ಲ್ಯಾಬಿನ ಯಜಮಾನರದು, ನಡುವಿನವ್ರು ಕೂಡಿ ದುಡಿದವ್ರು. ನಮ್ಮ ಜಾತ್ರಿ ಆಮಂತ್ರಣದಾಗ ಸಾನಿಧ್ಯ ವಹಿಸೋರು ಮ್ಯಾಲೆ, ಹೂವು ಹಂಚೋರು ಕೆಳಗ, ಇಲ್ಲಿ ಕೆಳಗೂ ದೊಡ್ಡವರು. ‘ಮೊದಲ ಹೆಸರಿನ ಲೇಖಕಿ’ ಅಂತ ತಿದ್ದೀನಿ, ಸರಿ ಅನ್ನಿಸವಲ್ದು. ಲೇಖನದ ಬಗ್ಗೆ ಯಾರಾದ್ರೂ ಕೇಳಿದ್ರ ಉತ್ತರ ಕೊಡೋ ಕರೆಸ್ಪಾಂಡಿಂಗ್ ಆಥರ್‌ಗೆ ‘ಪತ್ರವ್ಯವಹಾರದ ಲೇಖಕಿ’ ಅಂದ್ರ ಟಪಾಲು ಬರಿಯೋ ಗುಮಾಸ್ತಿ ಆಗ್ತಾಳ, ಅದನ್ನ ತಗದ ಹಾಕಿದೆ.

ಸದ್ಯಕ್ಕ ಆ ಸಾಲು ಹಿಂಗೈತಿ: ‘ಇವರ 38 ಸಂಶೋಧನಾ ಲೇಖನಗಳನ್ನು ಲೋಕದ ಬೇರೆ ಬೇರೆ ಸಂಶೋಧಕರು ತಮ್ಮ ಬರಹಗಳಲ್ಲಿ 1800 ಸಲ ಆಧಾರವಾಗಿ ಹೆಸರಿಸಿದ್ದಾರೆ (ಗೂಗಲ್ ಸ್ಕಾಲರ್ ಲೆಕ್ಕ).’ ನಾಮಪದದ ಬೆನ್ನು ಬಿಟ್ಟು ಕ್ರಿಯಾಪದಕ್ಕ ಬಂದ ಮ್ಯಾಲೆ ಯಾರು ಯಾರನ್ನ ಅನ್ನೋದು ಸ್ಪಷ್ಟ ಆತು ನೋಡ್ರಿ, ‘ಹೆಸರಿಸು’ ಅಂತ ಅಚ್ಚ ಕನ್ನಡ ಕೈಯಾಗ ಇಟ್ಕೊಂಡು ನಾನು ಸಂಸ್ಕೃತದ ಬಾಗಿಲು ಬಡಿಯಾಕತ್ತಿದ್ದೆ. ಆದ್ರ ಸಾಲು ಭಾಳ ಉದ್ದ ಆತು, ಸಭೆಯಾಗ ಬಿನ್ನವತ್ತಳೆ ಓದೋಾಕಿಗೆ ಉಸಿರು ಸಾಲೂದಿಲ್ಲ. ಜೊತಿಗೆ, ಕೋಷ್ಟಕದಾಗೋ ಪಟ್ಟಿಯೊಳಗೋ ಹಾಕಬೇಕಂದ್ರ ಒಂದ ನಾಮಪದ ಬೇಕಾಗ್ತೈತಿ.

ಹಿಂಗಾಗಿ ಕೇಳೋದು ಎರಡ: ಬಂದ ಉಲ್ಲೇಖಕ್ಕ ‘ಆವಕ ಉಲ್ಲೇಖ’ಕ್ಕಿಂತ ಸಭೆಗೆ ಒಪ್ಪೋ ಪದ ನಿಮ್ಮ ಕಡಿ ಯಾರಾದ್ರೂ ಬಳಸೀರೇನು, ಮತ್ತ ‘ಪ್ರಥಮ ಲೇಖಕಿ’ಗೆ ಬದಲಿ ಏನು. ಶುಕ್ರವಾರ ಸಂಜಿಗೆ ಡಿಟಿಪಿ ಅಂಗಡಿಗೆ ಕೊಡಬೇಕು, ಫ್ಲೆಕ್ಸ್ ಮಾತ್ರ ಆಗ್ಲೆ ಛಾಪಾಗೈತಿ, ಅದ್ರಾಗ ಹಿರಿಯರು ನನಗ ಹೇಳದ ಇಂಪ್ಯಾಕ್ಟ್ ಫ್ಯಾಕ್ಟರ್ 9 ಹಾಕ್ಸಿಬಿಟ್ಟಾರ.