ಎರಡು ವಾರದ ಕೆಮ್ಮು ಟಿಬಿ ಅಂತ ಗೊತ್ತಾಗಲು ಎರಡು ತಿಂಗಳು ಯಾಕೆ?

ಸಂಜೆಮಲ್ಲಿಗೆ ಕೇಳಿದ್ದು:
ಆಶಾ ಕಾರ್ಯಕರ್ತೆಯರ ತರಬೇತಿಗೆ ಟಿಪ್ಪಣಿ ಮಾಡುತ್ತಿದ್ದೇನೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಅಂತ ಗೋಡೆಗೋಡೆಯ ಮೇಲೂ ಬರೆದಿದೆ, ಪರೀಕ್ಷೆಯೂ ಪುಕ್ಕಟೆ. ಆದರೂ ಕಾಯಿಲೆ ಪತ್ತೆಯಾಗುವಷ್ಟರಲ್ಲಿ ಆಳು ಅರ್ಧ ಇಳಿದುಹೋಗಿರುತ್ತಾರೆ. "ಜನಕ್ಕೆ ಅರಿವಿಲ್ಲ" ಅನ್ನುವ ಸಿದ್ಧ ಉತ್ತರ ಬೇಡ. ದಿನಗಳು ನಿಜಕ್ಕೂ ಎಲ್ಲಿ ಸೋರಿಹೋಗುತ್ತವೆ?

ಹಳೇಕಡತ:
ಆ ಸಿದ್ಧ ಉತ್ತರ ಎಷ್ಟು ಪೊಳ್ಳು ಅನ್ನುವುದು ನಮ್ಮಲ್ಲೇ ಅರವತ್ತು ವರ್ಷದ ಹಿಂದೆ ಗೊತ್ತಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಮೈಯಲ್ಲಿ ಏನೋ ಕೆಟ್ಟಿದೆ ಅಂತ ಬಹುಪಾಲು ರೋಗಿಗಳಿಗೆ ತಿಳಿದಿತ್ತು; ಸುಮಾರು ಅರ್ಧ ಜನ ಸರ್ಕಾರಿ ಆಸ್ಪತ್ರೆಗೂ ಹೋಗಿಬಂದಿದ್ದರು. ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ.

ಈಗಲೂ ಲೆಕ್ಕ ಅದೇ ದಿಕ್ಕಿನದು. ಭಾರತದ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ 2014ರ ಪರಿಶೀಲನೆಯಲ್ಲಿ ರೋಗಿಯಿಂದಾದ ತಡ ಸುಮಾರು 18 ದಿನ, ಮೊದಲ ವೈದ್ಯರನ್ನು ಕಂಡ ಮೇಲೆ ಆದ ತಡ 31 ದಿನ. ರೋಗ ಪತ್ತೆಗೆ ಮುಂಚೆ ಸರಾಸರಿ 2.7 ಬಾಗಿಲು ತಟ್ಟಿರುತ್ತಾರೆ.

ಮೊದಲ ಬಾಗಿಲು ಎಷ್ಟೋ ಸಲ ಮೆಡಿಕಲ್ ಶಾಪ್. ಅಲ್ಲಿ ಅಜಿತ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟರೆ ಒಂದು ವಾರ ಹಾಳು, ಅಷ್ಟೇ. ಲಿವೋಫ್ಲಾಕ್ಸಾಸಿನ್ ಕೊಟ್ಟರೆ ಕೆಲಸ ಕೆಡುತ್ತದೆ. ಅದು ಟಿಬಿ ಕ್ರಿಮಿಯನ್ನೂ ಅಷ್ಟಿಷ್ಟು ಕೊಲ್ಲುತ್ತದೆ. ಜ್ವರ ಬಿಡುತ್ತದೆ, ಊಟ ಸೇರುತ್ತದೆ, ಕಫದಲ್ಲೂ ಕ್ರಿಮಿ ಕಾಣದೆ ಹೋಗಬಹುದು. ಕೆಲವು ವಾರಕ್ಕೆ ಮತ್ತೆ ಶುರು. ಕಫ ಕೊಡುವ ಮುಂಚೆ ಆ ಮಾತ್ರೆ ಬೇಡ ಅನ್ನುವುದನ್ನು ಟಿಪ್ಪಣಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಗಾಜಿನಪಟ್ಟಿ:
ಲ್ಯಾಬ್ ಕಡೆಯಿಂದ ಹೇಳುವುದಾದರೆ, ಡಬ್ಬಿಯಲ್ಲಿ ಬರುವುದು ಎಷ್ಟೋ ಸಲ ಕಫವಲ್ಲ, ಎಂಜಲು. ನೊರೆನೊರೆಯಾಗಿ ನೀರಿನ ಹಾಗಿದ್ದರೆ ಎಂಜಲು. ಅಂಟಾಗಿ, ಹಳದಿ ಇಲ್ಲವೇ ಗಟ್ಟಿ ಬಿಳುಪಿದ್ದರೆ ಕಫ. ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಕಾಣಬೇಕಾದರೆ ಒಂದು ಎಂಎಲ್ ಕಫದಲ್ಲಿ 5,000ದಿಂದ 10,000 ಇರಬೇಕು. ಕ್ರಿಮಿಯ ವಂಶವಾಹಿಯನ್ನೇ ಹುಡುಕುವ ಸಿಬಿನ್ಯಾಟ್ ಯಂತ್ರಕ್ಕೆ 130ರ ಆಸುಪಾಸು ಸಾಕು. ಎಂಜಲಿನ ಮೇಲೆ ಬರೆದುಕೊಟ್ಟ "ನೆಗೆಟಿವ್" ಚೀಟಿಯನ್ನು ಜೇಬಲ್ಲಿಟ್ಟುಕೊಂಡು "ನಂಗೆ ಟಿಬಿ ಇಲ್ಲ" ಅಂತ ತಿರುಗುವವರಿದ್ದಾರಲ್ಲ, ದೊಡ್ಡ ತಡ ಅಲ್ಲೇ.

ಬೆಳಿಗ್ಗೆ ಎದ್ದವರೇ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಬಯಲಿಗೆ ಬಂದು, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಬೇಕು. 2ರಿಂದ 5 ಎಂಎಲ್ ಬೇಕು. ಹೆಸರು ಬರೆಯುವುದು ಡಬ್ಬಿಯ ಮೈಮೇಲೆ, ಮುಚ್ಚಳದ ಮೇಲಲ್ಲ. ಮುಚ್ಚಳ ಅದಲುಬದಲಾದರೆ ಕಥೆ ಮುಗಿಯಿತು. ಯಂತ್ರ ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ, ಡಬ್ಬಿ ತಾಲೂಕಿಗೆ ಹೋಗಲು ವಾರ ಕಾಯುತ್ತದೆ. ಬುಧವಾರ ಯಾರು ಒಯ್ಯುತ್ತಾರೆ, ಶನಿವಾರ ಯಾರು ಅನ್ನುವುದನ್ನು ಹೆಸರು ಸಮೇತ ಬರೆದಿಡಿ.

ಗುಳೆದಾರಿ:
ಇಬ್ಬರೂ ಹೇಳಿದ್ದು ಬಾಗಿಲು ತಟ್ಟಿದವರ ಮಾತು. ತಟ್ಟದವರೂ ಕಡಿಮೆಯಿಲ್ಲ. 2019–21ರ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ ಲಕ್ಷಣವಿದ್ದವರ ಪೈಕಿ ಸುಮಾರು 64% ಜನ ಎಲ್ಲೂ ತೋರಿಸಿರಲಿಲ್ಲ. ಹೆಚ್ಚಿನವರು ಕೊಟ್ಟ ಕಾರಣ ಉಪೇಕ್ಷೆ. ನನ್ನ ಲೆಕ್ಕದಲ್ಲಿ ಅದು ಅಜ್ಞಾನವಲ್ಲ, ಒಂದು ದಿನದ ಕೂಲಿ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಹೋದವರು ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಕೆಮ್ಮುತ್ತಾ ಇದ್ದು, ಯುಗಾದಿಗೆ ಊರಿಗೆ ಬಂದಾಗ ತೋರಿಸೋಣ ಅಂದುಕೊಳ್ಳುತ್ತಾರೆ. ಕಫ ಕೊಟ್ಟರೂ ಫಲಿತಾಂಶ ಬರುವಷ್ಟರಲ್ಲಿ ಮೇಸ್ತ್ರಿ ಸೈಟು ಬದಲಿಸಿರುತ್ತಾನೆ. ಚೀಟಿಯಲ್ಲಿ ರೋಗಿಯದ್ದಲ್ಲದೆ ಊರಲ್ಲಿರುವ ಒಬ್ಬರ ಫೋನ್ ನಂಬರನ್ನೂ ಬರೆಸಿಕೊಳ್ಳಿ.

ಇನ್ನೊಂದು: ಅದೇ ಸಮೀಕ್ಷೆಯಲ್ಲಿ ಎಕ್ಸ್‌ರೇ ಇಲ್ಲದಿದ್ದರೆ ಸುಮಾರು 43% ಶ್ವಾಸಕೋಶದ ಟಿಬಿ ತಪ್ಪಿಹೋಗುತ್ತಿತ್ತು. ಬರೀ "ಕೆಮ್ಮು ಇದೆಯಾ" ಅಂತ ಕೇಳಿದರೆ ಸಾಲದು. ಅದರಲ್ಲೂ ಅತ್ತೆಯ ಎದುರು ಸೊಸೆಯನ್ನು ಕೇಳಿದರೆ ಉತ್ತರ "ಇಲ್ಲ" ಅಂತಲೇ. ಬೀಡಿ ಸೇದುವವರಿಗೆ, ಕಲ್ಲುಕ್ವಾರಿಯವರಿಗೆ ಕೆಮ್ಮು ದಿನದ ಪಾಡು. ಅವರಲ್ಲಿ ಕೆಮ್ಮು ಬದಲಾಯಿತಾ, ಲುಂಗಿ ಸಡಿಲವಾಯಿತಾ ಅಂತ ಕೇಳಿ.

ಸಂಜೆಮಲ್ಲಿಗೆ:
ಕತ್ತಿನಲ್ಲಿ ಗಂಟು ಮಾತ್ರ ಇದ್ದು ಕೆಮ್ಮೇ ಇಲ್ಲದಿದ್ದರೆ?

ಗಾಜಿನಪಟ್ಟಿ:
ಗಂಡಮಾಲೆ, ಅಂದರೆ ಕತ್ತಿನ ಗ್ರಂಥಿಯ ಟಿಬಿ, ಇರಬಹುದು. ಅಲ್ಲಿ ಎಡವುವುದು ಬಾಟಲಿಯಲ್ಲಿ. ಗಂಟಿನ ತುಣುಕನ್ನು ಪೂರ್ತಿ, ಕೊಳೆಯದಂತೆ ಕಾಯುವ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಕ್ರಿಮಿ ಸತ್ತುಹೋಗುತ್ತದೆ, ಕಲ್ಚರ್ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಆಗುವುದಿಲ್ಲ, ಸಿಬಿನ್ಯಾಟ್‌ಗೂ ಕಳಿಸಲಾಗುವುದಿಲ್ಲ. ಮತ್ತೆ ಕೊಯ್ಯಬೇಕು, ರೋಗಿ ಮತ್ತೆ ಬರುವುದಿಲ್ಲ. ಅರ್ಧ ಫಾರ್ಮಲಿನ್‌ಗೆ, ಇನ್ನರ್ಧ ಶುದ್ಧ ಬಾಟಲಿಯಲ್ಲಿ ನಾರ್ಮಲ್ ಸಲೈನ್‌ಗೆ. ಸರ್ಜರಿಗೆ ಒಳಗೆ ಹೋಗುವ ಮುಂಚೆಯೇ ಎರಡನೇ ಬಾಟಲಿ ಸಿಸ್ಟರ್ ಕೈಯಲ್ಲಿರಲಿ.