ಅಪ್‌ಡೇಟ್: ಮುತ್ತಜ್ಜನ ತಂದೆಯ ಹೆಸರು ಸಿಕ್ಕಿತು, ಮುತ್ತಜ್ಜ ಸತ್ತ ವರ್ಷ ಮಾತ್ರ ಅಂದಾಜು

ಹಳೇ ಪಹಣಿಯ (ಜಮೀನು ಯಾರದು ಅನ್ನುವ ಕಂದಾಯ ದಾಖಲೆ) ಒಂದು ಹಾಳೆ ಬಿಟ್ಟರೆ ಮುತ್ತಜ್ಜನ ಬಗ್ಗೆ ಬೇರೇನೂ ದಾಖಲೆ ಇಲ್ಲ, ಎಲ್ಲಿ ಹುಡುಕಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ಮರಣ ನೋಂದಣಿ ಹುಡುಕುವ ಸಲಹೆ ಫಲ ಕೊಡಲಿಲ್ಲ. ಸರ್ಕಾರದ ಭೂಮಿ ವೆಬ್‌ಸೈಟಿನಲ್ಲೂ ಕಂಪ್ಯೂಟರಿಗೆ ಬಂದಮೇಲಿನ ಪಹಣಿಯಷ್ಟೇ ಸಿಕ್ಕಿತು. ಕೆಲಸಕ್ಕೆ ಬಂದದ್ದು "ಪಹಣಿಯ 10ನೇ ಕಾಲಂ ನೋಡಿ" ಅಂದವರ ಮಾತು. ಜಮೀನು ಹೇಗೆ ಬಂತು ಅನ್ನುವುದರ ಜೊತೆ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರೂ ಅಲ್ಲಿರುತ್ತದೆ. ಅದನ್ನು, ಗ್ರಾಮದ ಹೆಸರನ್ನು, ಸರ್ವೆ ನಂಬರನ್ನು ಬರೆದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ದೃಢೀಕೃತ ನಕಲಿಗೆ ಅರ್ಜಿ ಕೊಡಬೇಕು. ಮೊದಲ ಸಲ ಬೇರೆಯವರ ಜಮೀನಿನ ನಕಲು ಬಂತು. ಪೋಡಿ, ಅಂದರೆ ಜಮೀನು ಅಳೆದು ಭಾಗ ಮಾಡಿದ್ದು, ಆದಮೇಲೆ ಹಿಸ್ಸಾ (ಭಾಗದ) ನಂಬರ್ ಬದಲಾಗಿತ್ತು. ಹಳೇ ನಂಬರನ್ನೇ ಕೊಡಬೇಕಿತ್ತು.

ಸಿಕ್ಕ ನಮೂದು ಪೌತಿ ಖಾತೆಯದು, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿದ್ದು. ಮುತ್ತಜ್ಜನ ಮಕ್ಕಳ ಹೆಸರೆಲ್ಲ ಇದೆ, ಮನೆಯಲ್ಲಿ ಯಾರೂ ಹೇಳದಿದ್ದ ಒಬ್ಬ ಮಗನದೂ! ಆದರೆ ಆ ನಮೂದಿನ ತಾರೀಖನ್ನೇ ಸತ್ತ ದಿನ ಅಂದುಕೊಳ್ಳಬೇಡಿ. ಪೌತಿ ಮಾಡಿಸುವುದನ್ನು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಮುಂದೂಡುತ್ತಾರೆ. ಅದಕ್ಕೂ ಮೊದಲೇ ಸತ್ತಿದ್ದರು ಅನ್ನುವುದಷ್ಟೇ ಖಾತ್ರಿ.

ಮುತ್ತಜ್ಜನ ತಂದೆಯ ಹೆಸರು ಸಿಕ್ಕಿದ್ದು ಹೆಳವರಿಂದ, ಅಂದರೆ ಊರೂರಿಗೆ ಬಂದು ಮನೆತನಗಳ ವಂಶಾವಳಿ ಹೇಳುವವರಿಂದ. ಸುಗ್ಗಿ ಮುಗಿದಮೇಲೆ ಬಂದಾಗ ಬೆಡಗು (ಕುಲದೊಳಗಿನ ವಂಶದ ಹೆಸರು), ಮೂಲ ಊರು ಹೇಳಿದರೆ ಪುಸ್ತಕ ತೆಗೆದು ಓದುತ್ತಾರೆ. ಗಂಡುಮಕ್ಕಳ ಸಾಲು ಪಕ್ಕಾ, ಇಸವಿ ಇರಲಿಲ್ಲ. ಪೌತಿ ನಮೂದಿನ ಹೆಸರುಗಳ ಜೊತೆ ತಾಳೆ ಹಾಕಿದೆ, ಹೊಂದಿತು. ಆ ಮರೆತ ಮಗನೂ ಇದ್ದ, ಬೇರೆ ಊರಿಗೆ ದತ್ತು ಹೋಗಿದ್ದನಂತೆ.